ಕಾರು ಜಜ್ಜುವ ಕ್ರಮ: ಬಳಕೆದಾರರ ಕೈಪಿಡಿ

ಮಾನ್‌ಸ್ಟರ್ ಟ್ರಕ್ ಶೋ ಕಟ್ಟಲು ಹೊರಟಿರುವ ನಿಮಗೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ ಎನ್ನುವುದು ನಮ್ಮ ಧರ್ಮ. ಓದದೆ ಕಪಾಟಿನ ಮೇಲೆಸೆದು ನೇರವಾಗಿ ಸ್ವಿಚ್ಚಿಗೆ ಕೈ ಹಾಕುವುದು ನಿಮ್ಮ ಹಕ್ಕು.

ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ. ಹೊರಗಿನಿಂದ ನೋಡಿದರೆ ಇದು ಬರೀ ಪುಂಡಾಟ. ದೈತ್ಯ ಗಾಡಿಯೊಂದು ಬಂದು ಸಾಲಾಗಿ ನಿಲ್ಲಿಸಿದ ಕಾರುಗಳ ಮೇಲೆ ಹತ್ತಿ ಇಳಿಯುತ್ತದೆ, ಜನ ಕೂಗುತ್ತಾರೆ, ಅಲ್ಲಿಗೆ ಮುಗಿಯಿತು. ಒಳಹೊಕ್ಕು ನೋಡಿದರೆ ಅಮೆರಿಕದಲ್ಲಿ ಇಷ್ಟು ಅಚ್ಚುಕಟ್ಟಾಗಿ, ಇಷ್ಟು ನೇಮನಿಷ್ಠೆಯಿಂದ ನಡೆಯುವ ಪುಂಡಾಟ ಇನ್ನೊಂದು ಸಿಗುವುದು ಕಷ್ಟ. ಕೈಪಿಡಿ ಬೇಕಾಗಿ ಬಂದದ್ದೇ ಅದಕ್ಕೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಟ್ರಕ್, ಒಂದು. ತೂಕ ಸುಮಾರು ಐದೂವರೆ ಟನ್, ಎತ್ತರ ಹತ್ತೂವರೆ ಅಡಿ, ಅಗಲ 12 ಅಡಿ, ಉದ್ದ 20 ಅಡಿ. ತರುವ ಮುನ್ನ ಮನೆಯ ಗೇಟು ಅಳೆದುಕೊಳ್ಳಿ.

ಎಂಜಿನ್, ಒಂದು. 540 ಘನ ಇಂಚು, ನಮ್ಮ ಲೆಕ್ಕದಲ್ಲಿ 9 ಲೀಟರಿಗೆ ಹತ್ತಿರ. ಮೇಲೆ ಸೂಪರ್‌ಚಾರ್ಜರ್ ಕೂರಿಸಿರುವುದರಿಂದ 1,500 ಅಶ್ವಶಕ್ತಿಯಷ್ಟು ಕಕ್ಕುತ್ತದೆ. ಬಾನೆಟ್ ಎತ್ತಿ ಹುಡುಕಬೇಡಿ, ಅದಿರುವುದು ಡ್ರೈವರ್ ಬೆನ್ನ ಹಿಂದೆ. ಕುಡಿಯುವುದು ಮೆಥನಾಲ್.

ಚಕ್ರ, ನಾಲ್ಕು. 66 ಇಂಚು ಎತ್ತರ, 43 ಇಂಚು ಅಗಲ. ಪಕ್ಕದಲ್ಲಿ ನಿಂತರೆ ಸಾಧಾರಣ ಎತ್ತರದ ಆಳಿನ ನೆತ್ತಿ ಟೈರಿನ ಅಂಚಿಗೆ ಸಮ ಬರುತ್ತದೆ. ಇವು ಹುಟ್ಟಿದ್ದು ಕಾರು ತುಳಿಯಲಿಕ್ಕಲ್ಲ, ಹೊಲಕ್ಕೆ ಗೊಬ್ಬರ ಎರಚುವ ಭಾರೀ ಯಂತ್ರಗಳು ಮೆತ್ತನೆಯ ಮಣ್ಣಿನಲ್ಲಿ ಹೂತುಹೋಗದಿರಲಿ ಎಂದು. ಟ್ರಕ್ ತಂಡದವರು ಈ ರೈತಾಪಿ ಟೈರುಗಳನ್ನು ತಂದು, ಬ್ಲೇಡು ಹಿಡಿದು ಕೂತು, ಗುಬುಟುಗಳ ರಬ್ಬರನ್ನು ಹೆರೆದು ಹೆರೆದು ತೂಕ ಇಳಿಸುತ್ತಿದ್ದರು. ಒಂದೊಂದು ಟೈರಿಗೂ ದಿನಗಟ್ಟಲೆ ಕೆಲಸ. 2014ರಿಂದ ಮಾನ್‌ಸ್ಟರ್ ಜಾಮ್ ಎಂಬ ಮೇಳದ ಪ್ರದರ್ಶನಗಳಿಗೆ ಟೈರು ಕೊಡುತ್ತಿರುವುದು ಬಿಕೆಟಿ, ಅಂದರೆ ಮುಂಬೈಯ ಬಾಲ್‌ಕೃಷ್ಣ ಇಂಡಸ್ಟ್ರೀಸ್. ಅಮೆರಿಕದ ಟ್ರಕ್ಕು ಅಮೆರಿಕದ ಕಾರನ್ನು ಅಪ್ಪಚ್ಚಿ ಮಾಡುವಾಗ ಎರಡರ ನಡುವೆ ಸಿಕ್ಕಿಕೊಂಡು ದುಡಿಯುವುದು ಭಾರತದ ಕಂಪನಿಯ ರಬ್ಬರು.

ಮೈ, ಒಂದು. ಫೈಬರ್‌ಗ್ಲಾಸಿನದು. ಬಾಗಿಲಿನ ಗೆರೆ ಇದೆ, ಬಾಗಿಲು ತೆರೆಯುವುದಿಲ್ಲ. ಡ್ರೈವರ್ ಕೆಳಗಿನ ಕಬ್ಬಿಣದ ಕೊಳವೆಗಳ ನಡುವೆ ನುಸುಳಿ ಒಳಗೆ ಹತ್ತಬೇಕು. ಮೈ ಬಿಚ್ಚಿ ನೋಡಿದರೆ ಒಳಗಿರುವುದು ಉಕ್ಕಿನ ಪೈಪುಗಳ ಪಂಜರ. ಟ್ರಕ್ಕಿನ ಆಕಾರವೆಲ್ಲ ಮೇಲೆ ಹೊದಿಸಿದ ಮುಸುಕು.

ಡ್ರೈವರ್, ಒಬ್ಬರು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ನಟ್ಟ ನಡುವೆ ಕೂರುತ್ತಾರೆ. ಮುಂದಿನ ಚಕ್ರ ಎಲ್ಲಿದೆಯೆಂದು ಕಾಣಲೆಂದು ಕಾಲ ಕೆಳಗೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಹಾಕಿರುತ್ತಾರೆ. ಮುಂದಿನ ಚಕ್ರಗಳಿಗೆ ಸ್ಟೀರಿಂಗ್, ಹಿಂದಿನವನ್ನು ತಿರುಗಿಸಲು ಬೆರಳಿಗೆ ಸಿಗುವ ಹಾಗೆ ಬೇರೆಯೇ ಒಂದು ಸ್ವಿಚ್ಚು. ಎರಡನ್ನೂ ಒಟ್ಟಿಗೆ ಆಡಿಸಲು ಬಂದರೆ ಐದೂವರೆ ಟನ್ನಿನ ಗಾಡಿ ಬುಗುರಿಯಾಗುತ್ತದೆ.

ಮಣ್ಣು, ನೂರಾರು ಲೋಡು. ಗುಜರಿ ಕಾರು, ಸಾಕಷ್ಟು. ಮಕ್ಕಳು, ಎಷ್ಟಿದ್ದರೂ ಸಾಲದು. ಮಕ್ಕಳಿಲ್ಲದಿದ್ದರೆ ದೊಡ್ಡವರಿಗೆ ಬರಲು ನೆಪ ಇರುವುದಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ್ದು: ಕಥೆ, ನೀತಿ, ಸಂದೇಶ. ಬಿಡಿಯಾಗಿ ಕೇಳಿದರೂ ಸಿಗುವುದಿಲ್ಲ.

2. ಜೋಡಣೆ

ಹಂತ ಒಂದು: ಬಿಡಿಭಾಗದ ಅಂಗಡಿ ತೆರೆಯಿರಿ. ಜಾಗ ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದ ಹೊರವಲಯ, ಕಾಲ 1970ರ ದಶಕದ ನಡು. ಕಟ್ಟಡದ ಕೆಲಸ ಮಾಡಿಕೊಂಡಿದ್ದ ಬಾಬ್ ಚಾಂಡ್ಲರ್‌ಗೆ ತನ್ನ 1974ರ ಫೋರ್ಡ್ ಎಫ್-250 ಪಿಕಪ್ಪಿನಲ್ಲಿ ಕಾಡುಮೇಡು ಸುತ್ತುವ ಚಪಲ. ಗಾಡಿ ಕೆಟ್ಟರೆ ಫೋರ್ ವೀಲ್ ಡ್ರೈವ್ ಸಾಮಾನು ಸುತ್ತಮುತ್ತ ಎಲ್ಲೂ ಸಿಗದು. ಸಿಗದಿದ್ದರೆ ನಾವೇ ಮಾರೋಣ ಎಂದು ಹೆಂಡತಿ ಮರ್ಲಿನ್ ಮತ್ತು ಗೆಳೆಯ ಜಿಮ್ ಕ್ರೇಮರ್ ಜೊತೆಗೂಡಿ ಅಂಗಡಿ ಹಾಕಿದರು.

ಹಂತ ಎರಡು: ಅಂಗಡಿಯ ಗಾಡಿಯನ್ನೇ ಮುರಿಯಿರಿ. ಗಿರಾಕಿಗೆ ತೋರಿಸಲೆಂದು ಚಾಂಡ್ಲರ್ ತನ್ನ ಪಿಕಪ್ಪಿಗೆ ದೊಡ್ಡ ಟೈರು ಹಾಕಿದರು. ಟೈರಿನ ಭಾರಕ್ಕೆ ಆಕ್ಸಲ್ ಮುರಿಯಿತು. ಮಿಲಿಟರಿ ಲಾರಿಯ ಆಕ್ಸಲ್ ತಂದು ಹಾಕಿದರು. ಇಷ್ಟು ಗಟ್ಟಿ ಆಕ್ಸಲ್ ಇದ್ದಮೇಲೆ ಇನ್ನೂ ದೊಡ್ಡ ಟೈರು ಹಾಕಬಹುದಲ್ಲ ಎಂದು ಹಾಕಿದರು. ಮತ್ತೆ ಇನ್ನೊಂದೇನೋ ಮುರಿಯಿತು. ಈ ಉದ್ಯಮದ ಅರ್ಧ ಶತಮಾನದ ಇತಿಹಾಸ ಇಷ್ಟರಲ್ಲೇ ಇದೆ: ಮುರಿ, ದೊಡ್ಡದು ಹಾಕು, ಮತ್ತೆ ಮುರಿ. ಆಕ್ಸಿಲರೇಟರ್ ಮೇಲಿಟ್ಟ ಕಾಲು ಎತ್ತದೆ ದಿನಕ್ಕೊಂದು ಸಾಮಾನು ಮುರಿದುಕೊಂಡು ಬರುತ್ತಿದ್ದ ಯಜಮಾನನಿಗೆ ಅಂಗಡಿಯಲ್ಲಿ ಬಿಗ್‌ಫುಟ್ ಎಂಬ ಅಡ್ಡಹೆಸರು ಬಿತ್ತು. ಅದು ಮಾಲೀಕನಿಂದ ಗಾಡಿಗೆ ದಾಟಿ, ಗಾಡಿಯ ಮೈಮೇಲೇ ಉಳಿಯಿತು.

ಹಂತ ಮೂರು: ಎರಡು ಗುಜರಿ ಕಾರು, ಒಂದು ಹೊಲ, ಒಂದು ವಿಡಿಯೊ ಕ್ಯಾಮೆರಾ ಹೊಂದಿಸಿ. 1981ರಲ್ಲಿ ಚಾಂಡ್ಲರ್ ಪರಿಚಯದವರ ಹೊಲದಲ್ಲಿ ಎರಡು ಹಳೇ ಕಾರು ನಿಲ್ಲಿಸಿ, ಬಿಗ್‌ಫುಟ್ ಅವುಗಳ ಮೇಲೆ ಹತ್ತುತ್ತದೋ ಇಲ್ಲವೋ ನೋಡೋಣ ಎಂದು ಹತ್ತಿಸಿದರು. ಹತ್ತಿತು. ಆ ಟೇಪನ್ನು ಅಂಗಡಿಯಲ್ಲಿ ಹಾಕಿ ಗಿರಾಕಿಗಳಿಗೆ ತೋರಿಸುತ್ತಿದ್ದಾಗ ಶೋ ನಡೆಸುವವನೊಬ್ಬ ನೋಡಿ, ಇದನ್ನೇ ಜನರೆದುರು ಮಾಡಿ ಎಂದ. ಚಾಂಡ್ಲರ್ ಹಿಂದೇಟು ಹಾಕಿದರು. ಹಾಳುಗೆಡಹುವ ಗಾಡಿ ಎಂಬ ಕೆಟ್ಟ ಹೆಸರು ಬರುತ್ತದಲ್ಲ ಎಂಬ ಅಳುಕು. ಮುಂದೆ ಯಾವ ಕೆಲಸದಿಂದ ಜಗತ್ತಿಗೆಲ್ಲ ಹೆಸರಾಗಲಿದ್ದರೋ ಅದೇ ಕೆಲಸಕ್ಕೆ ಆ ಮನುಷ್ಯ ಮರ್ಯಾದೆಗೆ ಅಂಜಿ ಬೇಡವೆಂದಿದ್ದರು ಎಂಬುದನ್ನು ನೆನಪಿಡಿ. ಐದನೆಯ ಭಾಗದಲ್ಲಿ ಬೇಕಾಗುತ್ತದೆ.

ಹಂತ ನಾಲ್ಕು: ಸ್ಟೇಡಿಯಂ ಹಿಡಿಯಿರಿ. 1982ರಲ್ಲಿ ಮಿಷಿಗನ್ನಿನ ಪಾಂಟಿಯಾಕ್ ಸಿಲ್ವರ್‌ಡೋಮ್‌ಗೆ ಬಿಗ್‌ಫುಟ್ 66 ಇಂಚಿನ ಹೊಸ ಟೈರು ತೊಟ್ಟು ಬಂದು, ತುಂಬಿದ ಜನರೆದುರು ಕಾರು ಜಜ್ಜಿತು. ಶೋ ನಡೆಸುತ್ತಿದ್ದ ಬಾಬ್ ಜಾರ್ಜ್ ಎಂಬಾತ ಅದಕ್ಕೂ ಮೊದಲೇ ಇದನ್ನು ಮಾನ್‌ಸ್ಟರ್ ಟ್ರಕ್ ಎಂದು ಕರೆದಿದ್ದನಂತೆ. ಇನ್ನೂ ಸ್ವತಂತ್ರ ಆಟವಾಗಿರಲಿಲ್ಲ. ಟ್ರ್ಯಾಕ್ಟರ್ ಎಳೆಯುವ ಸ್ಪರ್ಧೆ, ಕೆಸರೋಟಗಳ ಬಿಡುವಿನಲ್ಲಿ ಜನರನ್ನು ಕೂರಿಸಿಕೊಳ್ಳಲು ತೋರಿಸುತ್ತಿದ್ದ ಮಜಾ, ಅಷ್ಟೆ. ಬಿಡುವಿಗೆ ಬಂದದ್ದು ಆಟವನ್ನೇ ಮನೆಗೆ ಕಳುಹಿಸಿತು.

ಹಂತ ಐದು: ಎದುರಾಳಿ ಹುಟ್ಟಲಿ. ತೊಡೆ ತಟ್ಟಲು ಇನ್ನೊಬ್ಬನಿಲ್ಲದೆ ಕುಸ್ತಿಯಿಲ್ಲ. ಎವರೆಟ್ ಜಾಸ್ಮರ್ ಯುಎಸ್ಎ-1 ತಂದರು, ಜೆಫ್ ಡೇನ್ ಕಿಂಗ್ ಕಾಂಗ್ ತಂದರು, ಫ್ರೆಡ್ ಶೇಫರ್ ಮತ್ತು ಜ್ಯಾಕ್ ವಿಲ್‌ಮನ್ ಬೇರ್ ಫುಟ್ ತಂದರು. ಉತ್ತರ ಕ್ಯಾರೊಲಿನಾದ ಡೆನಿಸ್ ಆಂಡರ್ಸನ್ ಬಳಿ ಇದ್ದದ್ದು 1950ರ ದಶಕದ ಆರಂಭದ ಹಳೇ ಫೋರ್ಡ್ ಡಬ್ಬ. ಕೆಸರೋಟಕ್ಕೆ ತಂದಾಗ ಅದನ್ನು ಕಂಡು ನಕ್ಕವರಿಗೆ, ಈ ಡಬ್ಬದಲ್ಲೇ ನಿಮಗೆಲ್ಲ ಗೋರಿ ತೋಡುತ್ತೇನೆ ಎಂದು ಬಾಯಿ ಮಾಡಿದರು. ಆಡಿದ ಮಾತೇ ಗಾಡಿಗೆ ಹೆಸರಾಯಿತು: ಗ್ರೇವ್ ಡಿಗರ್. ಕಪ್ಪು ಮೈ, ಸ್ಮಶಾನದ ಚಿತ್ರ, ಉರಿಯುವ ಕೆಂಪು ಕಣ್ಣು. ಮುಂದೆ ಬಿಗ್‌ಫುಟ್‌ನಷ್ಟೇ ಹೆಸರು ಮಾಡಿದ್ದು ಈ ಡಬ್ಬವೇ.

ಹಂತ ಆರು: ಈ ಹಂತವನ್ನು ಬಿಟ್ಟುಬಿಡಬಹುದು, ಚಾಂಡ್ಲರ್ ಬಿಡಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಸೇನೆ ಹಿಮದ ಮೇಲೆ ಸಾಮಾನು ಸಾಗಿಸಲೆಂದು ಹಳಿಯಿಲ್ಲದೆ ಓಡುವ ರೈಲಿನಂಥ ವಾಹನ ಕಟ್ಟಿಸಿತ್ತು. ಅದರ 10 ಅಡಿ ಎತ್ತರದ ಟೈರುಗಳು ಗುಜರಿಗೆ ಬಿದ್ದದ್ದನ್ನು ಕಂಡು ಚಾಂಡ್ಲರ್ ಕೊಂಡು ತಂದರು. 1986ರಲ್ಲಿ ಅವುಗಳ ಮೇಲೆ ಪಿಕಪ್ ಕೂರಿಸಿ ಬಿಗ್‌ಫುಟ್ 5 ಆಯಿತು. 28,000 ಪೌಂಡ್, ಅಂದರೆ ಹನ್ನೆರಡೂವರೆ ಟನ್ನಿಗೂ ಹೆಚ್ಚು. ಗಿನ್ನೆಸ್ ದಾಖಲೆಗೆ ಸೇರಿತು, ಫೋಟೊಗೆ ಚೆಂದ, ಹಾರಲು ನಿಷ್ಪ್ರಯೋಜಕ. ದೊಡ್ಡದು ಹಾಕು ಎಂಬ ದಾರಿ ಇಲ್ಲಿಗೆ ಬಂದು ಗೋಡೆಗೆ ಮುಟ್ಟಿತು.

ಹಂತ ಏಳು: ಈಗ ಹಿಂದಕ್ಕೆ ತಿರುಗಿ, ಹಗುರ ಮಾಡಿ. ಆವರೆಗಿನ ಬಹುಪಾಲು ಗಾಡಿಗಳು ಲಾರಿಗಳಂತೆ ಲೀಫ್ ಸ್ಪ್ರಿಂಗ್ ಪಟ್ಟಿಗಳ ಮೇಲೆ ನಿಂತಿದ್ದವು. ಹಾರಿ ಇಳಿದರೆ ಪೆಟ್ಟೆಲ್ಲ ನೇರ ಡ್ರೈವರ್ ಬೆನ್ನುಮೂಳೆಗೆ. 1988ರ ಹೊತ್ತಿಗೆ ಜ್ಯಾಕ್ ವಿಲ್‌ಮನ್ ಟಾರಸ್ ಎಂಬ ಗಾಡಿಯಲ್ಲಿ ಪಟ್ಟಿ ತೆಗೆದುಹಾಕಿ ಕಾಯಿಲ್ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಕೂರಿಸಿದರು. 1989ರ ಬಿಗ್‌ಫುಟ್ 8 ಇನ್ನೂ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿದ ಉಕ್ಕಿನ ಕೊಳವೆಗಳ ಚಾಸಿ, ಒಳಗೆ ನೈಟ್ರೋಜನ್ ತುಂಬಿದ ಶಾಕ್ ಅಬ್ಸಾರ್ಬರು. ತೆವಳಿಕೊಂಡು ಕಾರು ಹತ್ತುತ್ತಿದ್ದ ಗಾಡಿ ಹಾರತೊಡಗಿತು. 1999ರಲ್ಲಿ ಡ್ಯಾನ್ ರಂಟಿ ಟೆನೆಸಿಯ ಸ್ಮರ್ನಾದಲ್ಲಿ ಬಿಗ್‌ಫುಟ್ 14ನ್ನು ಬೋಯಿಂಗ್ 727 ವಿಮಾನವೊಂದರ ಮೇಲಿಂದ ಹಾರಿಸಿದರು, 202 ಅಡಿ. 2013ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜೋ ಸಿಲ್ವೆಸ್ಟರ್ ಬ್ಯಾಡ್ ಹ್ಯಾಬಿಟ್ ಗಾಡಿಯಲ್ಲಿ 237 ಅಡಿ 7 ಇಂಚು ಹಾರಿದರು. ಸ್ಮರ್ನಾದಲ್ಲಿ ನಿಲ್ಲಿಸಿದ ವಿಮಾನ ಹಾರಲಿಲ್ಲ, ಟ್ರಕ್ಕು ಹಾರಿತು ಎಂದು ನಗುವವರು ನಗಲಿ.

ಹಂತ ಎಂಟು: ಸೋತವರಿಗೊಂದು ಅವಕಾಶ ಕೊಡಿ. ಆಗಿನ ಶೋಗಳಲ್ಲಿ ಇದ್ದದ್ದು ಓಟದ ಸ್ಪರ್ಧೆ. ಗ್ರೇವ್ ಡಿಗರ್ ಮೊದಲ ಸುತ್ತಿನಲ್ಲೇ ಸೋತರೆ, ಅದನ್ನೇ ನೋಡಲು ದುಡ್ಡು ಕೊಟ್ಟು ಬಂದ ಜನ ಮುಖ ಬಾಡಿಸಿಕೊಂಡು ಕೂರಬೇಕು. ಆಂಡರ್ಸನ್ ತನಗೆ ಸ್ವಲ್ಪ ಹೊತ್ತು ಕೊಡಿ, ಸುಮ್ಮನೆ ಆಡಿ ಬರುತ್ತೇನೆ ಎಂದು ಕೇಳಿಕೊಳ್ಳುತ್ತಿದ್ದರು. ಗೆದ್ದವನ ಓಟಕ್ಕಿಂತ ಸೋತವನ ಆಟಕ್ಕೇ ಜನ ಎದ್ದು ನಿಲ್ಲುವುದನ್ನು ಆಯೋಜಕರು ಕಂಡರು. 1993ರಲ್ಲಿ ಅದನ್ನೇ ಫ್ರೀಸ್ಟೈಲ್ ಎಂಬ ಸ್ಪರ್ಧೆ ಮಾಡಿದರು. ಇಂದು ಶೋಗೆ ಕಳಶವಿಟ್ಟ ಹಾಗೆ ಕೊನೆಯಲ್ಲಿ ಬರುವುದು ಅದೇ.

ಹಂತ ಒಂಬತ್ತು: ಸರ್ಕಸ್ಸಿನವರಿಗೆ ಮಾರಿ. ಮಾನ್‌ಸ್ಟರ್ ಜಾಮ್ ಈಗ ಈ ಲೋಕದ ಅತಿ ದೊಡ್ಡ ಮೇಳ. ಅದನ್ನು 2008ರಲ್ಲಿ ಕೊಂಡದ್ದು ಫೆಲ್ಡ್ ಎಂಟರ್‌ಟೇನ್‌ಮೆಂಟ್, ಅಂದರೆ ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ಸಿನ ಒಡೆಯರು. ಪ್ರಾಣಿಗಳನ್ನು ಹಿಂಸಿಸಬೇಡಿ ಎಂದು ಜನ ವರ್ಷಗಟ್ಟಲೆ ಪ್ರತಿಭಟಿಸಿದ ಮೇಲೆ ಅವರ ಸರ್ಕಸ್ಸು 2016ರಲ್ಲಿ ಆನೆಗಳನ್ನು ನಿವೃತ್ತಿಗೊಳಿಸಿತು. ಟ್ರಕ್ಕಿನ ಪರವಾಗಿ ಪ್ರತಿಭಟನೆ ನಡೆಸುವವರು ಯಾರೂ ಇಲ್ಲ. ಜಜ್ಜಿಸಿಕೊಂಡ ಕಾರಿಗೂ ಇಲ್ಲ.

3. ಚಾಲೂ ಮಾಡುವ ಬಗೆ

ಫುಟ್ಬಾಲ್ ಸ್ಟೇಡಿಯಂ ಹಿಡಿದಿದ್ದರೆ ಮೊದಲು ನೆಲವನ್ನು ಪ್ಲಾಸ್ಟಿಕ್ ಹಾಳೆ, ಪ್ಲೈವುಡ್ ಹಲಗೆಗಳಿಂದ ಮುಚ್ಚಿ. ಆಮೇಲೆ ಮಣ್ಣು ಸುರಿಸಿ, ಬುಲ್ಡೋಜರಿನಿಂದ ದಿಬ್ಬ ಕಟ್ಟಿ, ನೀರು ಹೊಡೆಸಿ ಹದ ಮಾಡಿ. ಒಣಗಿದರೆ ಧೂಳು ಏಳುತ್ತದೆ, ಹಸಿ ಹೆಚ್ಚಾದರೆ ಜಾರುತ್ತದೆ. ಈ ಮಣ್ಣನ್ನು ಕಂಡಕಂಡಲ್ಲಿಂದ ತರುವುದಿಲ್ಲ. ಶೋ ಮುಗಿದ ಮೇಲೆ ಎತ್ತಿ ಒಂದೆಡೆ ಗುಡ್ಡೆ ಹಾಕಿಟ್ಟು, ಮುಂದಿನ ವರ್ಷ ಅದನ್ನೇ ತರುವುದುಂಟು. ಪುಂಡಾಟಕ್ಕೆ ಬೇಕಾದ ಮಣ್ಣನ್ನೂ ಎತ್ತಿಡುವಷ್ಟು ಲೆಕ್ಕಾಚಾರ.

ಜಜ್ಜಬೇಕಾದ ಕಾರನ್ನೂ ಸಜ್ಜು ಮಾಡಬೇಕು. ಪೆಟ್ರೋಲು, ಆಯಿಲ್ ಖಾಲಿ ಮಾಡಿ, ಗಾಜು ತೆಗೆದುಹಾಕಿ. ಸಾಯುವ ಮುನ್ನ ಇಷ್ಟು ಶುಚಿಯಾಗಿ ಆ ಕಾರು ಎಂದೂ ಇದ್ದಿರಲಿಲ್ಲ.

ನಂತರ ಕ್ರಮವಾಗಿ: ಜೋಡಿ ಓಟ, ಎರಡು ಚಕ್ರದ ಮೇಲೆ ನಿಲ್ಲುವ ಕಸರತ್ತು, ನಿಂತಲ್ಲೇ ಗಿರಗಿರ ಸುತ್ತುವ ಡೋನಟ್, ಕೊನೆಗೆ ಫ್ರೀಸ್ಟೈಲ್. ಅಂಕ ಕೊಡುವ ತೀರ್ಪುಗಾರರನ್ನು ಹುಡುಕಬೇಡಿ. ಮಾನ್‌ಸ್ಟರ್ ಜಾಮ್‌ನಲ್ಲಿ ಜನರೇ ಕೂತಲ್ಲಿಂದ ಫೋನಿನಲ್ಲಿ ಹತ್ತಕ್ಕೆ ಎಷ್ಟೆಂದು ಒತ್ತುತ್ತಾರೆ. ಎಂಟು ವರ್ಷದ ಹುಡುಗಿಯ ಮತಕ್ಕೂ ಅವಳಪ್ಪನ ಮತಕ್ಕೂ ಒಂದೇ ಬೆಲೆ ಇರುವ ಅಪರೂಪದ ಚುನಾವಣೆ ಇದು.

ಕಾರಿನ ಮೇಲೆ ಹತ್ತುವ ಗಳಿಗೆಯನ್ನು ಗಮನವಿಟ್ಟು ನೋಡಿ. ಮುಂಚಕ್ರ ಬಾನೆಟ್ಟಿನ ಮೇಲೆ ಬಂದಾಗ ಏನೂ ಆಗದಂತೆ ಒಂದು ಕ್ಷಣ ಕಾಣುತ್ತದೆ. ಟೈರು ಮೆತ್ತಗೆ ಒಳಕ್ಕೆ ಮಡಿಯುತ್ತದೆ, ಕಾರು ಸಹಿಸಿಕೊಳ್ಳುತ್ತದೆ. ಆಮೇಲೆ ಚಾವಣಿಯ ಕಂಬಗಳು ಒಂದೊಂದಾಗಿ ಹೊರಕ್ಕೆ ಬಾಗುತ್ತವೆ, ತಗಡು ಹಪ್ಪಳದಂತೆ ಲಟಲಟ ಎನ್ನುತ್ತದೆ, ಬಾಗಿಲು ತಾನಾಗಿ ಬಾಯಿ ಬಿಡುತ್ತದೆ. ಹಿಂಚಕ್ರ ದಾಟುವ ಹೊತ್ತಿಗೆ ಎದೆಯೆತ್ತರದ ಕಾರು ಮೊಣಕಾಲೆತ್ತರಕ್ಕೆ ಇಳಿದಿರುತ್ತದೆ. ಅಷ್ಟರಲ್ಲಿ ಟ್ರಕ್ಕು ಇಳಿದು, ಮುಂದಿನ ದಿಬ್ಬ ಏರಿ, ಹೊಟ್ಟೆ ತೋರಿಸಿಕೊಂಡು ಗಾಳಿಯಲ್ಲಿರುತ್ತದೆ.

2010ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಕ್ಯಾಮ್ ಮೆಕ್ವೀನ್ ಇಂಥದೇ ದಿಬ್ಬ ಏರಿ ಟ್ರಕ್ಕನ್ನು ಗಾಳಿಯಲ್ಲೇ ಹಿಂದಕ್ಕೆ ಒಂದು ಪೂರ್ತಿ ಲಾಗ ಹೊಡೆಸಿ, ನಾಲ್ಕೂ ಚಕ್ರದ ಮೇಲೆ ಇಳಿಸಿದರು. ಸ್ಪರ್ಧೆಯಲ್ಲಿ ಯಾರೂ ಆವರೆಗೆ ಮಾಡಿರಲಿಲ್ಲ. ಈಗ ಅದನ್ನು ಮಾಡದೆ ಇಳಿದು ಬಂದರೆ ಮಕ್ಕಳು ಕಡಿಮೆ ಅಂಕ ಒತ್ತುತ್ತಾರೆ.

ಹೆಂಗಸರಿಗೆ ಪ್ರತ್ಯೇಕ ಮಾದರಿಯ ಗಾಡಿ ಇಲ್ಲ, ಪ್ರತ್ಯೇಕ ಸ್ಪರ್ಧೆಯೂ ಇಲ್ಲ. ವೃತ್ತಿಪರ ಕುಸ್ತಿಯಿಂದ ಬಂದ ಮಡೂಸಾ, ಅಂದರೆ ಡೆಬ್ರಾ ಮಿಸೆಲಿ, ಲಾಸ್ ವೇಗಾಸ್‌ನ ವಿಶ್ವ ಫೈನಲ್ಸ್‌ನಲ್ಲಿ 2004ರಲ್ಲಿ ಫ್ರೀಸ್ಟೈಲ್ ಪ್ರಶಸ್ತಿ ಹಂಚಿಕೊಂಡರು, 2005ರಲ್ಲಿ ಓಟವನ್ನೇ ಗೆದ್ದರು. ಅಪ್ಪನ ಗೋರಿ ತೋಡುವ ಕೆಲಸವನ್ನು 2017ರಲ್ಲಿ ಡೆನಿಸ್ ಆಂಡರ್ಸನ್ ಮಗಳು ಕ್ರಿಸ್ಟನ್ ಕೂಡ ಕೈಗೆತ್ತಿಕೊಂಡರು.

4. ಎಚ್ಚರಿಕೆ

ಈ ಭಾಗದಲ್ಲಿ ತಮಾಷೆಯಿಲ್ಲ.

2009ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಗಾಡಿಯಿಂದ ಸಿಡಿದ ಲೋಹದ ತುಂಡು ಬಡಿದು ನೋಡಲು ಬಂದಿದ್ದ ಆರು ವರ್ಷದ ಹುಡುಗ ಸತ್ತ. 2013ರಲ್ಲಿ ಮೆಕ್ಸಿಕೊದ ಚಿವಾವಾದಲ್ಲಿ ಹತೋಟಿ ತಪ್ಪಿದ ಟ್ರಕ್ಕು ಜನರ ಮೇಲೆ ಹರಿದು ಎಂಟು ಮಂದಿ ಸತ್ತರು. ಮರುವರ್ಷ ನೆದರ್ಲೆಂಡ್ಸ್‌ನ ಹಾಕ್ಸ್‌ಬರ್ಗೆನ್‌ನಲ್ಲಿ ಮೂವರು. ಐದೂವರೆ ಟನ್ನಿನ ಗಾಡಿಗೆ ಜಜ್ಜಬೇಕಾದದ್ದು ಯಾವುದು, ಜಜ್ಜಬಾರದ್ದು ಯಾವುದು ಎಂದು ತಾನಾಗಿ ತಿಳಿಯುವುದಿಲ್ಲ.

ಆದ್ದರಿಂದ ಪ್ರತಿ ಗಾಡಿಗೂ ಎಂಜಿನ್ ಆರಿಸಲು ಮೂರು ದಾರಿ ಇರಲೇಬೇಕು. ಒಂದು ಸ್ವಿಚ್ಚು ಡ್ರೈವರ್ ಕೈಗೆ ಸಿಗುವಲ್ಲಿ. ಇನ್ನೊಂದು ಗಾಡಿಯ ಹಿಂಬದಿಯಲ್ಲಿ, ಮಗುಚಿದಾಗ ಓಡಿಬಂದವರಿಗೆ ಎಟುಕುವ ಹಾಗೆ. ಮೂರನೆಯದು ಮೈದಾನದಲ್ಲಿ ನಿಂತ ಅಧಿಕಾರಿಯ ಕೈಯಲ್ಲಿ: ದೂರದಿಂದಲೇ ಇಗ್ನಿಷನ್ ಕಡಿಯುವ ರಿಮೋಟ್. 1988ರ ಸುಮಾರಿಗೆ ಚಾಂಡ್ಲರ್ ಮತ್ತಿತರರು ಸೇರಿ ಕಟ್ಟಿಕೊಂಡ ಮಾನ್‌ಸ್ಟರ್ ಟ್ರಕ್ ರೇಸಿಂಗ್ ಅಸೋಸಿಯೇಷನ್ ಇಂಥ ನಿಯಮಗಳನ್ನು ಜಾರಿಗೆ ತಂದಿತು. ಡ್ರೈವರ್‌ಗೆ ಬೆಂಕಿ ತಡೆಯುವ ಉಡುಪು, ಹೆಲ್ಮೆಟ್, ಕುತ್ತಿಗೆ ಹಿಡಿದಿಡುವ ಪಟ್ಟಿ. ಮೆಥನಾಲಿನ ಬೆಂಕಿ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಉರಿ ತಾಗಿದ ಮೇಲೇ ಗೊತ್ತಾಗುವುದು.

ಮೈದಾನದಲ್ಲಿ ಎಲ್ಲರ ಕಣ್ಣೂ ಟ್ರಕ್ಕಿನ ಮೇಲಿರುವಾಗ ಒಂದು ಜೊತೆ ಕಣ್ಣು, ಒಂದು ಹೆಬ್ಬೆರಳು ಮಾತ್ರ ಗುಂಡಿಯ ಮೇಲಿರುತ್ತದೆ. ಶೋ ನಿಂತಿರುವುದು ಆ ಬೆರಳಿನ ಮೇಲೆ.

5. ಇದು ಹೇಗೆ ಕೆಲಸ ಮಾಡುತ್ತದೆ

ಬುದ್ಧಿವಂತರು ಕೊಡುವ ವಿವರಣೆ: ಸದ್ದು, ಗಾತ್ರ, ಹಳ್ಳಿಗಾಡಿನ ಗಂಡಸರ ಗತ್ತು. ಸುಳ್ಳಲ್ಲ. ಆದರೆ ಸದ್ದು, ಗಾತ್ರ ಎರಡೂ ಕಲ್ಲುಕ್ವಾರಿಯಲ್ಲೂ ಸಿಗುತ್ತವೆ. ಅಲ್ಲಿಗೆ ಟಿಕೆಟ್ ಕೊಂಡು ಯಾರೂ ಹೋಗುವುದಿಲ್ಲ.

ಗುಟ್ಟು ಇರುವುದು ಕೆಳಗೆ ಬಿದ್ದ ಕಾರಿನಲ್ಲಿ. ಅಮೆರಿಕದ ಬಹುಪಾಲು ಊರುಗಳಲ್ಲಿ ಕಾರಿಲ್ಲದೆ ಹಾಲು ತರಲೂ ಆಗದು. ಕಾರಿನ ಸಾಲದ ಕಂತು ಕಟ್ಟಬೇಕು, ವಿಮೆ ಕಟ್ಟಬೇಕು, ಗೀರು ಬಿದ್ದರೆ ಹೊಟ್ಟೆ ಉರಿದುಕೊಳ್ಳಬೇಕು, ಚಳಿಯಲ್ಲಿ ಹಿಮ ಕೆರೆಯಬೇಕು, ಟ್ರಾಫಿಕ್ಕಿನಲ್ಲಿ ಅದರೊಳಗೆ ಕೂತು ಆಯಸ್ಸು ಕಳೆಯಬೇಕು. ಯಜಮಾನ ಯಾರು, ಆಳು ಯಾರು ಎಂದು ದಿನಕ್ಕೊಮ್ಮೆಯಾದರೂ ಅನುಮಾನ ಬರುತ್ತದೆ. ನಾವು 1981ರಲ್ಲಿ ಚಾಂಡ್ಲರ್ ಅಳುಕಿದ್ದು ನೆನಪಿಡಿ ಎಂದದ್ದು ಇದಕ್ಕೆ. ಆಡಬಾರದ ಆಟ ಎಂದು ಅವರಿಗೆ ಅನ್ನಿಸಿದ್ದರಿಂದಲೇ ಅದು ಗೆದ್ದಿತು. ಮುಟ್ಟಬಾರದ್ದನ್ನು ಮುಟ್ಟುವ, ಅದೂ ಇನ್ನೊಬ್ಬರ ಕೈಯಲ್ಲಿ, ಇನ್ನೊಬ್ಬರ ಖರ್ಚಿನಲ್ಲಿ, ಸುರಕ್ಷಿತ ದೂರದಲ್ಲಿ ಕೂತು ಮುಟ್ಟಿಸುವ ಸುಖ.

ನಮ್ಮವರಿಗೆ ಇದು ಅರ್ಥವಾಗದ್ದೇನಲ್ಲ. ಆಯುಧಪೂಜೆಯ ದಿನ ಗಾಡಿ ತೊಳೆದು, ಕುಂಕುಮ ಇಟ್ಟು, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ತೆಗೆಯುತ್ತೇವೆ. ಹಣ್ಣು ಪಚಕ್ ಎಂದರೆ ವರ್ಷಕ್ಕಾಗುವಷ್ಟು ದೃಷ್ಟಿ ಕಳೆಯಿತೆಂದು ನಿಟ್ಟುಸಿರು. ಅಮೆರಿಕದವರು ಪೂಜೆ ಬಿಟ್ಟರು, ನಿಂಬೆಹಣ್ಣಿನ ಜಾಗಕ್ಕೆ ಇನ್ನೊಂದು ಕಾರು ಇಟ್ಟರು. ಉದ್ದೇಶ ಅಷ್ಟೇನೂ ಬೇರೆಯಲ್ಲ.

ಇನ್ನೊಂದು ಗುಟ್ಟು ಮಕ್ಕಳಿಗೆ ಮಾತ್ರ ಗೊತ್ತು. ಮುಟ್ಟಬೇಡ, ಹತ್ತಬೇಡ, ಮುರಿಯಬೇಡ, ಕೂಗಬೇಡ ಎಂದು ಹೇಳುತ್ತಲೇ ಬಂದ ದೊಡ್ಡವರೇ ಈಗ ದುಡ್ಡು ಕೊಟ್ಟು ಕರೆತಂದು, ಮುಟ್ಟಿ ಹತ್ತಿ ಮುರಿದು ಕೂಗುವವರನ್ನು ತೋರಿಸುತ್ತಿದ್ದಾರೆ. ಶೋಗೆ ಮುಂಚಿನ ಪಿಟ್ ಪಾರ್ಟಿಯಲ್ಲಿ ಮೈದಾನಕ್ಕೇ ಇಳಿದು, ತಮಗಿಂತ ಎತ್ತರದ ಟೈರನ್ನು ಅಂಗೈಯಿಂದ ತಟ್ಟಿ, ಡ್ರೈವರ್ ಕೈಯಲ್ಲಿ ಟೋಪಿಗೆ ಸಹಿ ಹಾಕಿಸಿಕೊಳ್ಳುವ ಮಕ್ಕಳ ಮುಖದಲ್ಲಿ ಕಾಣುವುದು ಭಯವಲ್ಲ, ಕೊನೆಗೂ ಒಬ್ಬ ಸರಿಯಾದ ದೊಡ್ಡವನು ಸಿಕ್ಕಿದ ನೆಮ್ಮದಿ.

6. ತೊಂದರೆ ನಿವಾರಣೆ

ತೊಂದರೆ: ಕಿವಿ ಗುಂಯ್‌ಗುಡುತ್ತಿದೆ. ಪರಿಹಾರ: ಕಿವಿಗೆ ಮುಚ್ಚುಗೆ ಬೇಕೆಂದು ಮೊದಲೇ ಹೇಳಬೇಕಿತ್ತು ಎನ್ನಬೇಡಿ, ಟಿಕೆಟ್ಟಿನ ಹಿಂದೆಯೂ ಬರೆದಿರುತ್ತದೆ. ಕೈಪಿಡಿಯಂತೆ ಅದನ್ನೂ ನೀವು ಓದಲಿಲ್ಲ. ಪಕ್ಕದ ಸಾಲು ನೋಡಿ. ಮಕ್ಕಳ ಕಿವಿಗೆಲ್ಲ ಬಣ್ಣಬಣ್ಣದ ಮುಚ್ಚುಗೆ ಇದೆ.

ತೊಂದರೆ: ಟ್ರಕ್ಕು ತಲೆಕೆಳಗಾಗಿದೆ, ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಾರೆ. ಪರಿಹಾರ: ಇದು ದೋಷವಲ್ಲ, ಸೌಲಭ್ಯ. ಡ್ರೈವರ್ ಹೊರಬಂದು ಮಗುಚಿದ ಗಾಡಿಯ ಮೇಲೇರಿ ಕೈ ಬೀಸುವವರೆಗೆ ಕಾಯಿರಿ.

ತೊಂದರೆ: ಹೆಡ್‌ಲೈಟ್ ಹತ್ತುತ್ತಿಲ್ಲ. ಪರಿಹಾರ: ಬಹುಪಾಲು ಗಾಡಿಗಳಲ್ಲಿ ಅದು ಬಣ್ಣದಲ್ಲಿ ಬರೆದದ್ದು. ಗ್ರೇವ್ ಡಿಗರ್ ಕಣ್ಣು ಉರಿಯದಿದ್ದರೆ ಮಾತ್ರ ದೂರು ಕೊಡಿ.

ತೊಂದರೆ: ಮೊಮ್ಮಗನ ಕಾಟಕ್ಕೆ ಜೊತೆಗೆ ಬಂದ, ಊರಿನಿಂದ ಆರು ತಿಂಗಳ ವೀಸಾದ ಮೇಲೆ ಬಂದಿರುವ ತಾತ, “ಇದು ಎಷ್ಟು ಕೊಡುತ್ತೋ?” ಎಂದು ಮೈಲೇಜು ಕೇಳುತ್ತಿದ್ದಾರೆ. ಪರಿಹಾರ: ಸತ್ಯ ಹೇಳಿ. ಸುಮಾರು 250 ಅಡಿಯ ಒಂದು ಓಟಕ್ಕೆ ಒಂಬತ್ತೂವರೆ ಲೀಟರಿನವರೆಗೆ ಮೆಥನಾಲ್. ಕಿಲೋಮೀಟರಿಗೆ ಎಷ್ಟಾಯಿತು ಎಂದು ಲೆಕ್ಕ ಹಾಕಲು ಅವರು ಜೇಬಿನ ಪೆನ್ನು ತೆಗೆದರೆ ತಡೆಯಬೇಡಿ. ಲೆಕ್ಕ ಮುಗಿಸಿ ತಲೆಯೆತ್ತುವ ಹೊತ್ತಿಗೆ ಫ್ರೀಸ್ಟೈಲ್ ಶುರುವಾಗಿರುತ್ತದೆ. ಆಮೇಲೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುವವರು ಅವರೇ.

ತೊಂದರೆ: ಓದಿಕೊಂಡ ಸ್ನೇಹಿತರೊಬ್ಬರು ಮೂಗು ಮುರಿದು, ಇದರಲ್ಲಿ ಕಲೆ ಎಲ್ಲಿದೆ ಎನ್ನುತ್ತಿದ್ದಾರೆ. ಪರಿಹಾರ: 1990ರ ಸುಮಾರಿಗೆ ಡಗ್ ಮಾಲೆವಿಕಿ ಎಂಬ ಎಂಜಿನಿಯರ್ ಕಟ್ಟಿದ ರೋಬೊಸಾರಸ್ ಬಗ್ಗೆ ಹೇಳಿ. 40 ಅಡಿ ಎತ್ತರದ ಯಂತ್ರದ ಡೈನೋಸಾರ್, ಕಾರನ್ನು ಕೈಯಲ್ಲೆತ್ತಿ ಬೆಂಕಿಯುಗುಳಿ ಕಚ್ಚಿ ತಿನ್ನುತ್ತಿತ್ತು. ಇದಕ್ಕೂ ಅವರ ಕಣ್ಣು ಅರಳದಿದ್ದರೆ ಉತ್ಪನ್ನದಲ್ಲಿ ದೋಷವಿಲ್ಲ, ಸ್ನೇಹಿತರನ್ನು ಬದಲಿಸಿ.

7. ಬಳಕೆಯ ನಂತರ, ಮತ್ತು ವಾರಂಟಿ

ಒಡೆದ ಫೈಬರ್‌ಗ್ಲಾಸ್ ತುಂಡುಗಳನ್ನು ಆರಿಸಿ. ಮಕ್ಕಳು ಒಂದೆರಡು ಚೂರು ಕೇಳಿದರೆ ಕೊಡಿ. ದೊಡ್ಡ ಚಕ್ರ ಬಿಚ್ಚಿ ಗಾಡಿಯನ್ನು ಟ್ರೈಲರಿಗೆ ಏರಿಸಿ, ಮುಂದಿನ ವಾರ ಇನ್ನೊಂದು ಊರು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೈಗೆ ತೇಪೆ ಬಿದ್ದು, ಬಣ್ಣ ಮರಳಿ ಬಂದು, ಏನೂ ಆಗಿಲ್ಲವೆಂಬಂತೆ ಇರಬೇಕು. ಮಣ್ಣು ಎತ್ತಿ, ಹಲಗೆ ಮಡಿಸಿ, ಹುಲ್ಲಿಗೆ ಗಾಳಿ ಬಿಡಿ.

ವಾರಂಟಿ: ಇಲ್ಲ. ಟ್ರಕ್ಕಿಗಿಲ್ಲ, ಮಣ್ಣಿಗಿಲ್ಲ, ಜಜ್ಜಿದ ಕಾರಿಗಂತೂ ಇಲ್ಲ. ಉಳಿದದ್ದು ಪ್ರೇಕ್ಷಕರಿಗೆ ಒಂದೇ ಸೂಚನೆ. ಶೋ ಮುಗಿದ ಕೂಡಲೇ ಪಾರ್ಕಿಂಗ್‌ಗೆ ನುಗ್ಗಬೇಡಿ, ಅಲ್ಲಿ ಈಗ ಸಾವಿರಾರು ಜನ ಒಬ್ಬರಿಗೊಬ್ಬರು ದಾರಿ ಬಿಡುತ್ತಾ, ಕನ್ನಡಿ ನೋಡುತ್ತಾ, ಒಂದೊಂದೇ ಇಂಚು ರಿವರ್ಸ್ ತೆಗೆಯುತ್ತಿದ್ದಾರೆ. ನೀವೂ ಹಾಗೇ ತೆಗೆಯಿರಿ. ಪಕ್ಕದ ಕಾರಿಗೆ ಗೀರಿದರೆ ಇನ್ಶೂರೆನ್ಸ್ ಕ್ಲೇಮ್ ಫಾರಂನಲ್ಲಿ ಮಾನ್‌ಸ್ಟರ್ ಟ್ರಕ್ ಶೋ ನೋಡಿ ಬರುತ್ತಿದ್ದೆ ಎಂದು ಕಾರಣ ಬರೆಯಬೇಡಿ. ಯಾವ ಕಂಪನಿಯೂ ಒಪ್ಪುವುದಿಲ್ಲ.